ಚರ್ಮಗಂಟು ರೋಗವೂ ಅದು ಬಂದ ದಾರಿಯನ್ನು ಗೊತ್ತುಮಾಡುವ ಕ್ರಮವೂ

ದನಕರುಗಳಿಗೆ ಬರತಕ್ಕ ಅಂಟುಜಾಡ್ಯಗಳಲ್ಲಿ ಚರ್ಮಗಂಟು ರೋಗವು ನಮ್ಮ ದೇಶಕ್ಕೆ ಹೊಸದು. 2019ನೆಯ ಇಸವಿಗೆ ಹಿಂದೆ ಇದು ಇಂಡಿಯಾ ದೇಶದಲ್ಲಿ ಕಂಡುಬಂದಿರಲಿಲ್ಲ. ದೊಡ್ಡರೋಗ, ಕಾಲುಬಾಯಿ ಜ್ವರ, ನೆರಡಿ, ಗಳಲೆ, ಚಪ್ಪೆರೋಗ ಇವುಗಳನ್ನು ರೈತರು ತಾತ ಮುತ್ತಾತಂದಿರ ಕಾಲದಿಂದಲೂ ಬಲ್ಲರು. ಇವುಗಳಿಗೆ ಹೆಸರುಗಳುಂಟು, ಅನುಭವದಿಂದ ಬಂದ ತಿಳಿವಳಿಕೆಯೂ ಉಂಟು. ಚರ್ಮಗಂಟು ರೋಗದ ವಿಷಯದಲ್ಲಾದರೋ ಹಿರಿಯರಿಂದ ಬಂದ ತಿಳಿವಳಿಕೆಯು ಏನೂ ಇಲ್ಲ. ಆದಕಾರಣ ಈ ರೋಗವು ಹಳ್ಳಿಗೆ ಕಾಲಿಟ್ಟಾಗ ಜನರು ಮೊದಲು ಕೇಳುವ ಪ್ರಶ್ನೆಯು “ಇದು ಎಲ್ಲಿಂದ ಬಂತು?” ಎಂಬುದೇ. ಕೆಲವರು ಗಾಳಿಯೆಂದೂ, ಕೆಲವರು ದೃಷ್ಟಿಯೆಂದೂ, ಮತ್ತೆ ಕೆಲವರು ಮೇವಿನ ದೋಷವೆಂದೂ ಹೇಳುವುದುಂಟು. ಈ ಪ್ರಶ್ನೆಯು ಬರಿಯ ಕುತೂಹಲದ್ದಲ್ಲ. ರೋಗವು ಬಂದ ದಾರಿಯು ತಿಳಿದರೆ ಅದು ಮುಂದೆ ಹೋಗತಕ್ಕ ದಾರಿಯೂ ತಿಳಿಯುವುದು. ತಿಳಿದ ದಾರಿಗೆ ಅಡ್ಡಕಟ್ಟುವುದು ಸಾಧ್ಯ. ಅದಕ್ಕೆ ಬೇಕಾದ ಸಂಗತಿಗಳು ಬಹುಮಟ್ಟಿಗೆ ರೈತನ ನೆನಪಿನಲ್ಲಿಯೇ ಇರುತ್ತವೆ.

ರೋಗದ ಲಕ್ಷಣಗಳು

ಕುರಿಯ ಸಿಡುಬು ಮತ್ತು ಮೇಕೆಯ ಸಿಡುಬುಗಳನ್ನುಂಟುಮಾಡುವ ವೈರಸ್ಸುಗಳ ಹತ್ತಿರದ ಬಳಗಕ್ಕೆ ಸೇರಿದ ಒಂದು ವೈರಸ್ಸು ಈ ರೋಗಕ್ಕೆ ಕಾರಣ. ಇದು ಹಸು ಎತ್ತುಗಳಿಗೆ ಹೆಚ್ಚಾಗಿಯೂ ಎಮ್ಮೆಗಳಿಗೆ ಕಡಿಮೆಯಾಗಿಯೂ ತಗಲುವುದು. ಮನುಷ್ಯರಿಗೆ ತಗಲುವುದಿಲ್ಲ. ಮಿಶ್ರತಳಿಯ ಹಸುಗಳಲ್ಲಿಯೂ ಎಳೆಗರುಗಳಲ್ಲಿಯೂ ಇದರ ಉಪದ್ರವವು ಹೆಚ್ಚು.

ಮೊದಲು 104ರಿಂದ 106 ಡಿಗ್ರಿಯವರೆಗೆ ಜ್ವರವು ಏರುವುದು. ಕಣ್ಣು ಮೂಗುಗಳಲ್ಲಿ ನೀರು ಸುರಿಯುವುದು, ರಾಸು ಮೇವು ಬಿಡುವುದು, ಹಾಲು ಇಳಿದುಹೋಗುವುದು. ಜ್ವರ ಬಂದ ಸುಮಾರು ಎರಡು ದಿನಗಳಲ್ಲಿ ಕುತ್ತಿಗೆ, ಬೆನ್ನು, ಕಾಲು, ಕೆಚ್ಚಲು ಮೊದಲಾದ ಕಡೆಗಳಲ್ಲಿ ಗಟ್ಟಿಯಾದ ದುಂಡು ಗಂಟುಗಳು ಏಳುವುವು. ಸಾಮಾನ್ಯವಾಗಿ ಇವು ಎರಡರಿಂದ ಐದು ಸೆಂಟಿಮೀಟರು ಅಗಲವಾಗಿರುವುವು. ಕೆಲವು ರಾಸುಗಳಲ್ಲಿ ಕಾಲುಗಳೂ ಮುಂಗುಂದಿಯೂ ಊದಿಕೊಳ್ಳುವುವು. ಎರಡು ಮೂರು ವಾರಗಳಲ್ಲಿ ಗಂಟಿನ ನಡುಭಾಗವು ಸತ್ತು ಒಣಗಿ ಕಪ್ಪಾಗುವುದು. ಅನಂತರ ಆ ಹೊಪ್ಪಳೆಯು ಕಳಚಿಬಿದ್ದು ಗುಳಿಯಾದ ಹುಣ್ಣು ಉಳಿಯುವುದು. ಹುಣ್ಣು ಮಾದರೂ ಅದರ ಕಲೆಯು ತೊಗಲಿನ ಮೇಲೆ ಬಹುಕಾಲ ನಿಲ್ಲುವುದು.

ರೋಗ ತಗಲಿದ ರಾಸುಗಳಲ್ಲಿ ಸಾಮಾನ್ಯವಾಗಿ ಸಾಯತಕ್ಕವು ನೂರಕ್ಕೆ ಒಂದರಿಂದ ಐದರವರೆಗೆ. ಈ ಲೆಕ್ಕವನ್ನು ಕೇಳಿ ರೋಗವು ಸೌಮ್ಯವೆಂದು ಭಾವಿಸಕೂಡದು. ಹಾಲು ನಿಂತುಹೋಗುವುದು, ಗಬ್ಬದ ಹಸು ಕಂದು ಹಾಕುವುದು, ಹೋರಿಯು ಕೆಲಕಾಲ ಬೀಜಕ್ಕೆ ನಿಷ್ಪ್ರಯೋಜಕವಾಗುವುದು, ಉಳುಮೆಯ ಎತ್ತು ಹದವಿರುವ ದಿನಗಳಲ್ಲಿಯೇ ಮಲಗುವುದು, ಇವುಗಳಿಂದ ಆಗುವ ನಷ್ಟವು ದೊಡ್ಡದು. ಒಂದೇ ಹಸುವಿನ ಹಾಲನ್ನು ಡೇರಿಗೆ ಹಾಕಿ ಜೀವಿಸುವ ಸಂಸಾರಕ್ಕೆ ಎರಡು ತಿಂಗಳು ಹಾಲು ನಿಂತರೆ ಸಾಲವೇ ಗತಿ.

ದೇಶದಿಂದ ದೇಶಕ್ಕೆ ನಡೆದುಬಂದ ಬಗೆ

ಈ ರೋಗವು ಮೊದಲು ಗೋಚರವಾದುದು 1929ರಲ್ಲಿ, ಆಫ್ರಿಕಾ ಖಂಡದ ಉತ್ತರ ರೊಡೇಷಿಯಾದಲ್ಲಿ. ಆ ಸೀಮೆಗೆ ಈಗ ಜಾಂಬಿಯಾ ಎಂದು ಹೆಸರು. ಅಂದಿನವರು ಇದನ್ನು ಅಂಟುರೋಗವೆಂದು ತಿಳಿಯಲಿಲ್ಲ. ವಿಷದ ಗಿಡವನ್ನು ತಿಂದುದರಿಂದಲೋ ಹುಳುಗಳ ಕಡಿತದಿಂದಲೋ ಗಂಟುಗಳು ಎದ್ದಿವೆಯೆಂದು ಭಾವಿಸಿದರು. 1943ರಲ್ಲಿ ರೋಗವು ಬೆಚುವಾನಾಲೆಂಡಿನಲ್ಲಿಯೂ, ಮರುವರ್ಷ ದಕ್ಷಿಣ ಆಫ್ರಿಕಾದಲ್ಲಿಯೂ ಕಾಣಿಸಿಕೊಂಡಿತು. ಗಂಟುಗಳನ್ನು ಅರೆದು ತೆಗೆದ ದ್ರವವನ್ನು ಆರೋಗ್ಯವಾದ ದನಗಳಿಗೆ ಚುಚ್ಚಿ ನೋಡಿದಾಗ ಅವಕ್ಕೂ ರೋಗ ಬಂತು. ಹೀಗೆ 1945ರ ಹೊತ್ತಿಗೆ ಇದು ಅಂಟುರೋಗವೆಂಬುದು ಸಿದ್ಧವಾಯಿತು. ಆದರೆ ಅಷ್ಟರಲ್ಲಿ ರೋಗವು ಬಹುದೂರ ಹೋಗಿತ್ತು. 1949ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಸುಮಾರು 80 ಲಕ್ಷ ದನಗಳು ಇದಕ್ಕೆ ಈಡಾದುವು. ಕಾರಣವನ್ನು ತಪ್ಪಾಗಿ ತಿಳಿದುದಕ್ಕೆ ತೆತ್ತ ಬೆಲೆ ಇದು. ಮೇವಿನ ದೋಷವೆಂದು ನಂಬಿದವರು ದನಗಳ ಓಡಾಟವನ್ನು ನಿಲ್ಲಿಸುವ ಗೋಜಿಗೆ ಹೋಗುವುದಿಲ್ಲವಷ್ಟೆ.

ಅಲ್ಲಿಂದ ಮುಂದೆ ರೋಗವು 1957ರಲ್ಲಿ ಕೀನ್ಯಾವನ್ನೂ, 1970ರಲ್ಲಿ ಸೂಡಾನನ್ನೂ, 1974ರಲ್ಲಿ ನೈಜೀರಿಯಾವನ್ನೂ, 1988ರಲ್ಲಿ ಈಜಿಪ್ಟನ್ನೂ ಮುಟ್ಟಿತು. 1989ರಲ್ಲಿ ಇಸ್ರೇಲಿನ ಪೆದೂಯಿಮ್ ಎಂಬ ಹಳ್ಳಿಯಲ್ಲಿ ಕಂಡುಬಂತು. ಅಲ್ಲಿದ್ದ 17 ಹಾಲಿನ ಮಂದೆಗಳಲ್ಲಿ 14ಕ್ಕೆ 37 ದಿನಗಳೊಳಗೆ ರೋಗ ತಗಲಿತು. ಈಜಿಪ್ಟಿನ ಕಡೆಯಿಂದ ಬೀಸಿದ ಗಾಳಿಯ ಸಂಗಡ ಕಚ್ಚುವ ನೊಣಗಳು ರೋಗವನ್ನು ತಂದಿರಬೇಕೆಂದು ಅಲ್ಲಿನ ಪಂಡಿತರು ಊಹಿಸಿದರು. 2013ರಲ್ಲಿ ತುರ್ಕಿ ದೇಶಕ್ಕೂ, 2015ರಲ್ಲಿ ಗ್ರೀಸಿಗೂ, 2016ರಲ್ಲಿ ಬಲ್ಗೇರಿಯಾ, ಸರ್ಬಿಯಾ, ಅಲ್ಬೇನಿಯಾ ಮುಂತಾದ ಬಾಲ್ಕನ್ ಸೀಮೆಗಳಿಗೂ ಹರಡಿತು. 2025ರ ಜೂನ್ ತಿಂಗಳಲ್ಲಿ ಇಟಲಿ ಮತ್ತು ಫ್ರಾನ್ಸ್ ದೇಶಗಳಲ್ಲಿಯೂ ಕಾಣಿಸಿಕೊಂಡಿತು.

ರೋಗದ ಎರಡು ಬಗೆಯ ನಡಿಗೆ

ಈ ದೀರ್ಘವಾದ ಪ್ರಯಾಣವನ್ನು ಪರಿಶೀಲಿಸಿದರೆ ರೋಗಕ್ಕೆ ಎರಡು ಬಗೆಯ ನಡಿಗೆಯಿರುವುದು ಗೊತ್ತಾಗುತ್ತದೆ.

ಮೊದಲನೆಯದು ನಿಧಾನದ ನಡಿಗೆ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ರೋಗಿಯ ರಕ್ತವನ್ನು ಹೀರಿ ಹತ್ತಿರದ ರಾಸನ್ನು ಕಚ್ಚಿದಾಗ ವೈರಸ್ಸು ದಾಟುತ್ತದೆ. ರೋಗದ ದನವನ್ನು ಕಚ್ಚಿದ ಸೊಳ್ಳೆಯು ಎರಡರಿಂದ ಆರು ದಿನಗಳ ತರುವಾಯವೂ ಆರೋಗ್ಯವಾದ ದನಕ್ಕೆ ರೋಗವನ್ನು ಅಂಟಿಸಬಲ್ಲದೆಂದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಿಂದ ತಿಳಿದುಬಂದಿತು. ಬಾಲ್ಕನ್ ಸೀಮೆಯಲ್ಲಿ ರೋಗವು ಮುಂದುವರಿದ ವೇಗವನ್ನು ಲೆಕ್ಕಹಾಕಿದಾಗ ಅದು ಬಹುತೇಕ ವಾರಕ್ಕೆ ಏಳು ಕಿಲೋಮೀಟರಿನ ಆಸುಪಾಸಿನಲ್ಲಿತ್ತು. ಅಂದರೆ ವಾರವೊಂದಕ್ಕೆ ಒಂದೂವರೆ ಹರದಾರಿಯಷ್ಟು.

ಎರಡನೆಯದು ನೆಗೆತ. ನಿನ್ನೆಯವರೆಗೆ ರೋಗದ ಸುಳಿವೂ ಇಲ್ಲದಿದ್ದ, ರೋಗದ ಸ್ಥಳಕ್ಕೆ ನೂರಾರು ಕಿಲೋಮೀಟರು ದೂರದ ಊರಿನಲ್ಲಿ ಗಂಟುಗಳು ಕಾಣಿಸಿಕೊಳ್ಳುವುದುಂಟು. ಗಾಳಿಯು ಒಮ್ಮೊಮ್ಮೆ ನೊಣವನ್ನು ದೂರ ಒಯ್ಯಬಹುದಾದರೂ, ಇಂಥ ನೆಗೆತವು ಸಾಮಾನ್ಯವಾಗಿ ಆಗುವುದು ಲಾರಿಯ ಮೇಲೆ, ಮನುಷ್ಯನ ಕೈಯಿಂದ. ಸಂತೆಯಲ್ಲಿ ಕೊಂಡ ಎತ್ತು, ಬಳುವಳಿಯಾಗಿ ಕೊಟ್ಟ ಹಸು, ಜಾತ್ರೆಗೆ ಹೊಡೆದು ಹಿಂದಕ್ಕೆ ತಂದ ಜೋಡಿ, ಇವು ವೈರಸ್ಸಿಗೆ ವಾಹನವಾಗುತ್ತವೆ. ರೋಗ ತಗಲಿದ ರಾಸುಗಳಲ್ಲಿ ಕೆಲವು ಗಂಟುಗಳನ್ನು ತೋರದೆಯೇ ಇರುವುದರಿಂದ ಕೊಳ್ಳುವವನಿಗೆ ಇದು ತಿಳಿಯುವಂತಿಲ್ಲ. ಫ್ರಾನ್ಸಿನಲ್ಲಿ 2025ರಲ್ಲಿ ರೋಗವು ದೂರದ ಜಿಲ್ಲೆಗಳಿಗೆ ಹಾರಿದಾಗಲೂ ಅಪ್ಪಣೆಯಿಲ್ಲದೆ ದನಗಳನ್ನು ಸಾಗಿಸಿದುದೇ ಕಾರಣವೆಂದು ಅಲ್ಲಿನ ಸರ್ಕಾರವು ಹೇಳಿತು.

ಊರೊಳಗಿನ ನಡಿಗೆಯನ್ನು ಹೊಗೆ ಹಾಕಿ, ಕೊಟ್ಟಿಗೆಯನ್ನು ಚೊಕ್ಕಟವಾಗಿಟ್ಟು ಕಡಿಮೆಮಾಡಬಹುದೇ ಹೊರತು ಪೂರ್ತಿಯಾಗಿ ನಿಲ್ಲಿಸುವುದು ಕಷ್ಟ. ಊರಿಂದೂರಿಗೆ ಹಾರುವ ನೆಗೆತವು ಮಾತ್ರ ಜನರ ಕೈಯಲ್ಲಿರುವುದು.

ನಮ್ಮ ದೇಶದಲ್ಲಿ

2019ರ ಜುಲೈ ತಿಂಗಳಲ್ಲಿ ಬಂಗ್ಲಾದೇಶದಲ್ಲಿಯೂ, ಆಗಸ್ಟಿನಲ್ಲಿ ಇಂಡಿಯಾ ದೇಶದ ಒಡಿಶಾ ರಾಜ್ಯದಲ್ಲಿಯೂ ರೋಗವು ಕಾಣಿಸಿಕೊಂಡಿತು. ಒಡಿಶಾದ ಐದು ಜಿಲ್ಲೆಗಳಲ್ಲಿ ಪರೀಕ್ಷಿಸಿದ 2,539 ದನಗಳಲ್ಲಿ 182ಕ್ಕೆ ರೋಗವಿತ್ತು. ಸಾವು ಇರಲಿಲ್ಲ. ಮರುವರ್ಷ ಕರ್ನಾಟಕದಲ್ಲಿಯೂ ಕಂಡುಬಂತು. ಆಗ ಇದನ್ನು ಸೌಮ್ಯವಾದ ರೋಗವೆಂದೇ ಅನೇಕರು ಎಣಿಸಿದರು. 2022ರಲ್ಲಿ ಆ ಎಣಿಕೆಯು ತಲೆಕೆಳಗಾಯಿತು. ಗುಜರಾತಿನ ಕಚ್ಛ ಪ್ರಾಂತದಲ್ಲಿಯೂ ರಾಜಸ್ಥಾನದಲ್ಲಿಯೂ ಉಲ್ಬಣಿಸಿದ ರೋಗವು ಹಲವು ರಾಜ್ಯಗಳಿಗೆ ವ್ಯಾಪಿಸಿ, ದೇಶದಲ್ಲಿ ಒಂದು ಲಕ್ಷಕ್ಕೂ ಮಿಕ್ಕ ದನಗಳು ಸತ್ತುವು. ಕರ್ನಾಟಕದಲ್ಲಿ ಹಾವೇರಿ ಮೊದಲಾದ ಜಿಲ್ಲೆಗಳ ರೈತರು ಬಹಳ ನಷ್ಟಪಟ್ಟರು. ಅನೇಕ ಕಡೆಗಳಲ್ಲಿ ದನಗಳ ಸಂತೆ ಜಾತ್ರೆಗಳನ್ನು ನಿಲ್ಲಿಸಬೇಕಾಯಿತು.

2019ರಲ್ಲಿ ಸೌಮ್ಯವಾಗಿದ್ದುದು 2022ರಲ್ಲಿ ಏಕೆ ಕ್ರೂರವಾಯಿತು? ರೈತನು ರಾಸಿನ ಸುಳಿ, ಕೊಂಬು, ಮಚ್ಚೆಗಳನ್ನು ನೋಡಿ ಇದು ಇಂಥ ದೊಡ್ಡಿಯದು, ಇಂಥ ತಳಿಯದು ಎಂದು ಹೇಳುವಂತೆ, ವಿಜ್ಞಾನಿಗಳು ವೈರಸ್ಸಿನೊಳಗಿನ ವಂಶವಾಹಿಯ ಗುರುತುಗಳನ್ನು ಓದಿ ಅದರ ಕುಲವನ್ನು ಹೇಳಬಲ್ಲರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇತರ ಸಂಸ್ಥೆಗಳ ಸಹಾಯದಿಂದ ಗುಜರಾತು, ಮಹಾರಾಷ್ಟ್ರ, ರಾಜಸ್ಥಾನ, ಕರ್ನಾಟಕಗಳ ರೋಗದ ದನಗಳಿಂದ ಮಾದರಿಗಳನ್ನು ತರಿಸಿ ಹೀಗೆ ಪರೀಕ್ಷಿಸಿದರು. ಆಗ ಎರಡು ಬೇರೆ ಬೇರೆ ಕುಲದ ವೈರಸ್ಸುಗಳು ದೇಶದಲ್ಲಿರುವುದು ಗೊತ್ತಾಯಿತು. ಒಂದು, ದೇಶದಲ್ಲಿ ರೋಗವು ಕಂಡ ಮೊದಲ ವರ್ಷಗಳ ರಾಂಚಿ ಮತ್ತು ಹೈದರಾಬಾದಿನ ವೈರಸ್ಸುಗಳನ್ನು ಹೋಲುವಂಥದು. ಇನ್ನೊಂದು, ಬಹಳ ಬದಲಾವಣೆಗಳನ್ನು ಹೊಂದಿದ್ದು, 2015ರಲ್ಲಿ ರಷ್ಯಾ ದೇಶದಲ್ಲಿ ಕಂಡ ವೈರಸ್ಸನ್ನು ಹೋಲುವಂಥದು. ಹೊಸ ಕುಲವೊಂದು ಸೇರಿಕೊಂಡಿರುವುದು ಇದರಿಂದ ಸ್ಪಷ್ಟ. ಒಮ್ಮೆ ಬಂದುಹೋದ ರೋಗವು ಮತ್ತೆ ಬಂದಾಗ ಹಳೆಯದೇ ಬಂದಿತೆಂದು ಸುಮ್ಮನಿರಲಾಗದು.

ಆದರೆ ಇಂಥ ಪರೀಕ್ಷೆಯಿಂದ ವೈರಸ್ಸಿನ ಕುಲವು ತಿಳಿಯುವುದೇ ವಿನಾ, ಅದು ಯಾವ ಸಂತೆಯಿಂದ, ಯಾರ ಲಾರಿಯಲ್ಲಿ, ಯಾವ ದಿನ ಊರಿಗೆ ಬಂತೆಂಬುದು ತಿಳಿಯದು. ಅದನ್ನು ಹಳ್ಳಿಯಲ್ಲಿಯೇ ವಿಚಾರಿಸಬೇಕು.

ಮೂಲವನ್ನು ವಿಚಾರಿಸುವ ಕ್ರಮ

ರೋಗವು ತಗಲಿದ ದಿನದಿಂದ ಹೊರಗೆ ಕಾಣಿಸಿಕೊಳ್ಳುವ ದಿನದವರೆಗಿನ ಅವಧಿಯನ್ನು ಹೆಚ್ಚೆಂದರೆ 28 ದಿನಗಳೆಂದು ಅಂತರರಾಷ್ಟ್ರೀಯ ನಿಯಮಗಳಲ್ಲಿ ಇಟ್ಟುಕೊಂಡಿದ್ದಾರೆ. ಆದ್ದರಿಂದ ವಿಚಾರಣೆಗೆ ಬಂದ ಅಧಿಕಾರಿಯು ಮೊದಲು ಗಂಟುಗಳ ವಯಸ್ಸನ್ನು ನೋಡಿ, ಅಲ್ಲಿಂದ ಹಿಂದಕ್ಕೆ 28 ದಿನಗಳನ್ನು ಎಣಿಸುತ್ತಾನೆ. ಗಟ್ಟಿಯಾದ ಹೊಸ ಗಂಟುಗಳು ಕೆಲವೇ ದಿನಗಳವು. ನಡುವೆ ಕಪ್ಪಾಗಿ ಒಣಗಿದವು ಎರಡು ಮೂರು ವಾರಗಳವು. ಹೊಪ್ಪಳೆ ಬಿದ್ದು ಗುಳಿಯಾದವು ಅದಕ್ಕಿಂತಲೂ ಹಳೆಯವು.

ದೃಷ್ಟಾಂತಕ್ಕಾಗಿ ಒಂದು ಹಳ್ಳಿಯನ್ನು ಭಾವಿಸಬಹುದು. ಮಹಾಲಯ ಅಮಾವಾಸ್ಯೆಯ ದಿನ ಅಧಿಕಾರಿಯು ಅಲ್ಲಿಗೆ ಬರುತ್ತಾನೆ. ಸುದ್ದಿ ಕೊಟ್ಟ ರೈತನ ಹಸುವಿನ ಮೈಮೇಲೆ ಮೂರು ದಿನದ ಹೊಸ ಗಂಟುಗಳಿವೆ. ಆ ಹಸು ಆರು ತಿಂಗಳಿಂದ ಊರು ಬಿಟ್ಟು ಹೋಗಿಲ್ಲ. ಇಲ್ಲಿಗೇ ವಿಚಾರಣೆಯನ್ನು ನಿಲ್ಲಿಸಿದರೆ ರೋಗವು ಗಾಳಿಯಿಂದ ಬಂತೆಂದೇ ಹೇಳಬೇಕಾಗುವುದು. ಆದರೆ ಮೊದಲು ಸುದ್ದಿ ಕೊಟ್ಟವನ ರಾಸು ಮೊದಲು ರೋಗ ಹಿಡಿದ ರಾಸಾಗಿರಬೇಕೆಂಬ ನಿಯಮವಿಲ್ಲ. ಆದಕಾರಣ ಅಧಿಕಾರಿಯು ಬೀದಿಯ ಎಲ್ಲ ಕೊಟ್ಟಿಗೆಗಳನ್ನೂ ನೋಡುತ್ತಾನೆ. ಮೂರು ಮನೆಗಳಾಚೆ ಕಟ್ಟಿರುವ ಎತ್ತಿನ ಗಂಟುಗಳು ಕಪ್ಪಾಗಿ ಒಣಗಿವೆ. ಅವಕ್ಕೆ ಮೂರು ವಾರವಾದರೂ ಆಗಿರಬೇಕು. ಎತ್ತನ್ನು ಯಾವಾಗ ತಂದಿರೆಂದು ತಾರೀಖು ಕೇಳಿದರೆ ಮನೆಯವರಿಗೆ ನೆನಪಿಲ್ಲ. ಯಾವ ಹಬ್ಬದ ಹೊತ್ತೆಂದು ಕೇಳಿದರೆ “ಗೌರಿಹಬ್ಬದ ಮುಂಚಿನ ಸಂತೆಯಲ್ಲಿ” ಎಂದು ಕೂಡಲೆ ಹೇಳುತ್ತಾರೆ. ಪಂಚಾಂಗವನ್ನು ನೋಡಿದರೆ ಲೆಕ್ಕವು ಸರಿಹೋಗುತ್ತದೆ: ಎತ್ತು ಬಂದು 31 ದಿನ, ಬಂದ ಎಂಟನೆಯ ದಿನ ಜ್ವರ, ಹತ್ತನೆಯ ದಿನ ಗಂಟು. ಎತ್ತು ರೋಗವನ್ನು ಹೊತ್ತುಕೊಂಡೇ ಊರಿಗೆ ಬಂದಿತೆಂದು ಊಹಿಸಲು ಇದು ಸಾಕು. ಅದರ ಗಂಟುಗಳು ಬಲಿತಿದ್ದ ದಿನಗಳಲ್ಲಿ ನೊಣಗಳು ಅದನ್ನು ಬಿಟ್ಟು ಹಸುವಿನ ಕೊಟ್ಟಿಗೆಗೆ ಹಾರಿವೆ.

ಇಲ್ಲಿಂದ ವಿಚಾರಣೆಯು ಎರಡು ಕಡೆಗೆ ಹೋಗುತ್ತದೆ. ಹಿಂದಕ್ಕೆ ಹೋದರೆ, ಎತ್ತನ್ನು ಮಾರಿದವರಾರು, ಅವರ ದೊಡ್ಡಿಯಲ್ಲಿ ಬೇರೆ ರಾಸುಗಳಿಗೆ ಗಂಟುಗಳಿವೆಯೇ ಎಂಬುದು. ಮುಂದಕ್ಕೆ ಹೋದರೆ, ಅದೇ ಲಾರಿಯಲ್ಲಿ ಬಂದ ಮಿಕ್ಕ ರಾಸುಗಳು ಯಾವ ಯಾವ ಊರುಗಳಲ್ಲಿ ಇಳಿದವು, ಈ ಒಂದು ತಿಂಗಳಲ್ಲಿ ಇಲ್ಲಿಂದ ಯಾವ ರಾಸು ಹೊರಗೆ ಹೋಯಿತು, ಊರಿನ ಬೀಜದ ಹೋರಿಗೆ ಯಾವ ಹಸುಗಳನ್ನು ಬಿಟ್ಟಿದ್ದರು, ಒಂದೇ ಸೂಜಿಯಿಂದ ಹಲವು ರಾಸುಗಳಿಗೆ ಮದ್ದು ಚುಚ್ಚಿದವರುಂಟೇ ಎಂಬುದು. ರೋಗದ ಹೋರಿಯ ವೀರ್ಯದಲ್ಲಿಯೂ, ರೋಗಿಗೆ ಚುಚ್ಚಿದ ಸೂಜಿಯಲ್ಲಿಯೂ ವೈರಸ್ಸು ಇರಬಹುದಾದ್ದರಿಂದ ಈ ಪ್ರಶ್ನೆಗಳು ಅವಶ್ಯ. ಕಳಚಿಬಿದ್ದ ಹೊಪ್ಪಳೆಯಲ್ಲಿ ವೈರಸ್ಸು ಒಂದು ತಿಂಗಳಿಗೂ ಮೇಲ್ಪಟ್ಟು ಬದುಕಿರಬಲ್ಲದು. ಒಣಗಿದ ತೊಗಲಿನಲ್ಲಿ ಹದಿನೆಂಟು ದಿನಗಳಾದರೂ ಇರುವುದು. ಆದ್ದರಿಂದ ಸತ್ತ ದನದ ತೊಗಲು ಎಲ್ಲಿಗೆ ಹೋಯಿತೆಂಬುದನ್ನೂ ಕೇಳಬೇಕಾಗುತ್ತದೆ.

ಈಗ ರಾಸುಗಳ ಕಿವಿಗೆ ಹಾಕುವ ಹನ್ನೆರಡು ಅಂಕಿಗಳ ಹಳದಿ ಓಲೆಯು ಈ ಕೆಲಸಕ್ಕೆ ಬಹಳ ಸಹಾಯಕ. ಓಲೆಯನ್ನು ಕತ್ತರಿಸಿ ಮಾರಿದ ರಾಸಿನ ಜಾಡು ಸಂತೆಯಲ್ಲಿಯೇ ತಪ್ಪಿಹೋಗುವುದು.

ಬಚ್ಚಿಡುವುದರಿಂದಾಗುವ ಹಾನಿ

ವಿಚಾರಣೆಗೆ ಎಲ್ಲಕ್ಕಿಂತ ದೊಡ್ಡ ಅಡ್ಡಿಯೆಂದರೆ ರೈತನ ಭಯ. ರೋಗದ ಸುದ್ದಿ ಹಬ್ಬಿದರೆ ಡೇರಿಯವರು ಹಾಲು ಕೊಳ್ಳಲಾರರು, ನೆರೆಯವರು ಬೈದಾರು, ಸಂತೆ ನಿಂತೀತು ಎಂದು ಅವನು ಅಂಜುತ್ತಾನೆ. ಜ್ವರ ಬಂದ ಹಸುವನ್ನು ಗಂಟು ಏಳುವುದಕ್ಕೆ ಮೊದಲೇ ಸಿಕ್ಕಿದ ಬೆಲೆಗೆ ಮಾರಿಬಿಡುವವರೂ ಇದ್ದಾರೆ. ಸಾಲ ಮಾಡಿ ಕೊಂಡ ಹಸು ಕಣ್ಣೆದುರಿಗೆ ಸಾಯುವುದನ್ನು ನೋಡುವುದಕ್ಕಿಂತ ಅರ್ಧ ದುಡ್ಡಾದರೂ ಕೈಗೆ ಬರಲೆಂಬ ಅವರ ಕಷ್ಟವು ಅರ್ಥವಾಗದ್ದೇನೂ ಅಲ್ಲ. ಆದರೆ ಆ ಹಸುವನ್ನು ಕೊಳ್ಳುವವನೂ ಅಂಥದೇ ಬಡರೈತ. ಅವನ ಹಸು ಸತ್ತರೆ ಅಲ್ಲಿಗೇ ಮುಗಿಯುವುದಿಲ್ಲ. ಅವನ ಊರಿನ ನೊಣಗಳು ಇಡೀ ಊರಿಗೆ ರೋಗವನ್ನು ಹಂಚುವುವು. ಸುತ್ತಿ ಸುತ್ತಿ ಅದು ಮಾರಿದವನ ನೆಂಟರ ಕೊಟ್ಟಿಗೆಗೂ ಬರಬಹುದು.

ಸುದ್ದಿ ಕೊಟ್ಟವನನ್ನು ಅಪರಾಧಿಯಂತೆ ಕಾಣುವುದೂ ಅಷ್ಟೇ ತಪ್ಪು. ಮೇಲಿನ ದೃಷ್ಟಾಂತದಲ್ಲಿ ಎತ್ತು ಕೊಂಡವನು ಮೋಸಹೋದವನೇ ಹೊರತು ಮೋಸಮಾಡಿದವನಲ್ಲ. ಅವನನ್ನು ಚಾವಡಿಯಲ್ಲಿ ನಿಲ್ಲಿಸಿ ಹಳಿದರೆ ಮುಂದಿನ ಸಲ ಊರಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಯಾರ ತಪ್ಪೆಂದು ನಿರ್ಣಯಿಸುವುದು ವಿಚಾರಣೆಯ ಉದ್ದೇಶವಲ್ಲ. ಇನ್ನೂ ರೋಗ ಮುಟ್ಟದ ಊರುಗಳಿಗೆ ಲಸಿಕೆಯನ್ನು ಮುಂಚಿತವಾಗಿ ತಲುಪಿಸುವುದೇ ಅದರ ಉದ್ದೇಶ. ಹಾಲಿನ ವಿಷಯದಲ್ಲಿ ಜನರು ಹೆದರಬೇಕಾದುದಿಲ್ಲ. ಈ ರೋಗವು ಮನುಷ್ಯರಿಗೆ ಬಾರದು. ಹಾಲನ್ನು ಯಾವಾಗಲೂ ಮಾಡತಕ್ಕಂತೆ ಕಾಸಿ ಕುಡಿದರೆ ಸಾಕು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ವಿಚಾರವಾಗಿ 2009ರಲ್ಲಿ ಆದ ಕೇಂದ್ರದ ಕಾನೂನಿನಂತೆ ಇಂಥ ರೋಗದ ಸುದ್ದಿಯನ್ನು ತಿಳಿಸುವುದು ದನದ ಯಜಮಾನನ ಕರ್ತವ್ಯವೂ ಆಗಿರುತ್ತದೆ.

ಲಸಿಕೆಯ ವಿಷಯ

ಮೇಕೆಯ ಸಿಡುಬಿನ ವೈರಸ್ಸು ಈ ವೈರಸ್ಸಿಗೆ ಹತ್ತಿರದ ನೆಂಟನಾದ್ದರಿಂದ ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೂ ಹಾಕುತ್ತ ಬಂದಿದ್ದಾರೆ. ರಾಂಚಿಯಲ್ಲಿ 2019ರಲ್ಲಿ ಸಿಕ್ಕಿದ ವೈರಸ್ಸಿನಿಂದ ಹಿಸಾರಿನ ಮತ್ತು ಇಜತ್‌ನಗರದ ಕೇಂದ್ರ ಸಂಸ್ಥೆಗಳವರು ಈ ರೋಗಕ್ಕೇ ತಕ್ಕ ಲಸಿಕೆಯೊಂದನ್ನು ಸಿದ್ಧಪಡಿಸಿದರು. ಅದು 2022ರ ಆಗಸ್ಟ್ 10ರಂದು ಪ್ರಕಟವಾಯಿತು. ಲಸಿಕೆ ಹಾಕಿದ ಕೂಡಲೆ ರಕ್ಷಣೆ ಬರುವುದಿಲ್ಲ. ಅದು ಪೂರ್ಣವಾಗಿ ಬರಲು ಸುಮಾರು ಮೂರು ವಾರ ಬೇಕು. ಆದಕಾರಣ ರೋಗವು ಕಂಡ ಊರಿನ ಸುತ್ತ ಐದು ಕಿಲೋಮೀಟರಿನೊಳಗಿನ ಊರುಗಳಲ್ಲಿ ಆರೋಗ್ಯವಾದ ರಾಸುಗಳಿಗೆ ಬಳೆಯಂತೆ ಲಸಿಕೆ ಹಾಕುತ್ತ ಬರುವ ಪದ್ಧತಿಯುಂಟು. ಬಾಲ್ಕನ್ ಸೀಮೆಯಲ್ಲಿ ದನಗಳಿಗೆಲ್ಲ ಲಸಿಕೆ ಹಾಕಿದ ಮೇಲೆ 2017ರಲ್ಲಿ ರೋಗವು ಬಹುಮಟ್ಟಿಗೆ ಅಡಗಿತು. ಆ ಬಳೆಯನ್ನು ಎಲ್ಲಿ ಹಾಕಬೇಕೆಂಬುದನ್ನು ತೋರಿಸತಕ್ಕದ್ದು ವಿಚಾರಣೆಯೇ. ಲಾರಿಯಿಂದ ರಾಸು ಇಳಿದ ಊರಿನ ಹೆಸರನ್ನು ಒಬ್ಬನು ಮರೆಮಾಚಿದರೆ ಬಳೆಯ ಹೊರಗೆ ಕಿಡಿಯೊಂದು ಉಳಿದಂತಾಗುವುದು.

ದೊಡ್ಡರೋಗದ ನಿದರ್ಶನ

ದನಗಳ ರೋಗದ ಜಾಡು ಹಿಡಿದು ಅದನ್ನು ನಿರ್ಮೂಲಮಾಡಬಹುದೆಂಬುದಕ್ಕೆ ದೊಡ್ಡರೋಗವೇ ನಿದರ್ಶನ. 1920ರಲ್ಲಿ ಇಂಡಿಯಾ ದೇಶದಿಂದ ಬ್ರೆಜಿಲ್ ದೇಶಕ್ಕೆ ಹೊರಟ ದನಗಳು ಬೆಲ್ಜಿಯಮ್ಮಿನ ಆಂಟ್‌ವರ್ಪ್ ರೇವಿನಲ್ಲಿ ತಂಗಿದಾಗ ದೊಡ್ಡರೋಗವು ಆ ದೇಶಕ್ಕೆ ಹೊಕ್ಕಿತು. ಆ ಗಾಬರಿಯಿಂದಲೇ 1924ರಲ್ಲಿ ಪ್ಯಾರಿಸ್ಸಿನಲ್ಲಿ ಪಶುರೋಗಗಳ ಅಂತರರಾಷ್ಟ್ರೀಯ ಸಂಸ್ಥೆಯು ಹುಟ್ಟಿತು. ನಮ್ಮ ದೇಶದಲ್ಲಿ ಲಸಿಕೆಯ ಜೊತೆಗೆ, ಕೊನೆಯ ವರ್ಷಗಳಲ್ಲಿ ಹಳ್ಳಿ ಹಳ್ಳಿಗೂ ಹೋಗಿ, ದನ ಹೊಡೆಯುವ ದಾರಿಗಳಲ್ಲಿಯೂ ನಿಂತು ರೋಗಕ್ಕಾಗಿ ಹುಡುಕಿದರು. 1995ರ ತರುವಾಯ ಅದು ಇಲ್ಲಿ ಕಾಣಲಿಲ್ಲ. 2006ರಲ್ಲಿ ದೇಶವೂ 2011ರಲ್ಲಿ ಪ್ರಪಂಚವೂ ಅದರಿಂದ ಮುಕ್ತವೆಂದು ಸಾರಲಾಯಿತು. ಚರ್ಮಗಂಟು ರೋಗವನ್ನು ಕಚ್ಚುವ ಹುಳುಗಳು ಹೊರುವುದರಿಂದ ಅದರ ನಿರ್ಮೂಲವು ಇನ್ನೂ ಕಷ್ಟವಾದ ಕೆಲಸ. ಆದರೆ ಹುಡುಕುವ ಕ್ರಮವು ಅದೇ.

ರೈತರು ಗಮನಿಸತಕ್ಕ ಅಂಶಗಳು

1. ಜ್ವರ, ಗಂಟು ಕಂಡ ದಿನವೇ ಹತ್ತಿರದ ಪಶುವೈದ್ಯಶಾಲೆಗೆ ತಿಳಿಸತಕ್ಕದ್ದು. 1962ಕ್ಕೆ ದೂರವಾಣಿಯನ್ನೂ ಮಾಡಬಹುದು.

2. ರೋಗದ ರಾಸನ್ನು ಬೇರೆ ಕಟ್ಟಿ, ಮೇವು ನೀರುಗಳನ್ನು ಅಲ್ಲಿಯೇ ಕೊಡತಕ್ಕದ್ದು. ಗೋಮಾಳಕ್ಕೂ ಕೆರೆಗೂ ಹೊಡೆಯಕೂಡದು.

3. ಹೊಸದಾಗಿ ಕೊಂಡುತಂದ ರಾಸನ್ನು 28 ದಿನ ಪ್ರತ್ಯೇಕವಾಗಿಟ್ಟು ನೋಡಿ, ಆಮೇಲೆ ಮಂದೆಗೆ ಸೇರಿಸತಕ್ಕದ್ದು.

4. ರಾಸನ್ನು ಕೊಂಡ ಮತ್ತು ಮಾರಿದ ದಿನ, ಸ್ಥಳ, ಮಾರಿದವರ ಊರು, ಕಿವಿಯೋಲೆಯ ಅಂಕಿ ಇವುಗಳನ್ನು ಪಂಚಾಂಗದಲ್ಲಾದರೂ ಬರೆದಿಡತಕ್ಕದ್ದು.

5. ಕೊಟ್ಟಿಗೆಯಲ್ಲಿ ಸಗಣಿ ಗಂಜಲಗಳು ನಿಲ್ಲದಂತೆ ನೋಡಿಕೊಂಡು, ಸಂಜೆಯ ಹೊತ್ತು ಬೇವಿನ ಸೊಪ್ಪಿನ ಹೊಗೆ ಹಾಕುವುದು ಒಳ್ಳೆಯದು. ಉಣ್ಣೆಗಳಿಗೆ ವೈದ್ಯರು ಹೇಳಿದ ಔಷಧವನ್ನು ಬಳಸತಕ್ಕದ್ದು.

6. ಒಂದು ರಾಸಿಗೆ ಚುಚ್ಚಿದ ಸೂಜಿಯನ್ನು ಮತ್ತೊಂದಕ್ಕೆ ಬಳಸಗೊಡಕೂಡದು.

7. ಸತ್ತ ದನದ ತೊಗಲು ಸುಲಿಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು.

8. ವಿಚಾರಣೆಗೆ ಬಂದವರಿಗೆ ಹಿಂದಿನ ಒಂದು ತಿಂಗಳ ಸಂಗತಿಗಳನ್ನು ಇದ್ದುದು ಇದ್ದಂತೆ ಹೇಳತಕ್ಕದ್ದು. ಅದರಿಂದ ತನ್ನ ರಾಸಿಗೆ ಪ್ರಯೋಜನವಿಲ್ಲದಿದ್ದರೂ ಮುಂದಿನ ಊರಿನ ರಾಸುಗಳು ಉಳಿಯುವುವು.